ನಿಕೊಲಾ ದಿನದ ಕೊನೆಯ ಸುತ್ತು

ನಮ್ಮ ಎತುಶ್ ನೇನಿಗೆ ಚದುರಂಗ ಆಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಉತ್ತರ ಬನಾತ್ ಸೀಮೆಯ ಚದುರಂಗ ಚಾಂಪಿಯನ್‌ಷಿಪ್ ಅನ್ನು ಐವತ್ತು ವರ್ಷದಿಂದ ನಡೆಸುತ್ತಿರುವ ಹೆಂಗಸು ಎಂದ ಕೂಡಲೇ ಹೊರಗಿನವರು ಅವರನ್ನು ದೊಡ್ಡ ಆಟಗಾರ್ತಿ ಎಂದುಕೊಂಡುಬಿಡುತ್ತಾರೆ. ಕುದುರೆ ಹೇಗೆ ನೆಗೆಯುತ್ತದೆ, ಒಂಟೆ ಹೇಗೆ ಓರೆಯಾಗಿ ಓಡುತ್ತದೆ ಎಂಬುದು ನೇನಿಗೆ ಗೊತ್ತು. ಆದರೆ ಎದುರಿಗೆ ಕೂತವನು ಯೋಚನೆಗೆ ಬಿದ್ದರೆ ಅವರಿಂದ ತಡೆಯಲಾಗುವುದಿಲ್ಲ. "ಏನಯ್ಯಾ, ಮೊಟ್ಟೆ ಇಡ್ತಿದೀಯಾ? ನಡೆಸು!" ಎನ್ನುತ್ತಾರೆ. ನನ್ನ ಕ್ಷೌರದಂಗಡಿಯಲ್ಲಿ ನನ್ನೊಡನೆ ಎಷ್ಟೋ ಸಲ ಆಡಿದ್ದಾರೆ, ಒಂದು ಸಲವೂ ಗೆದ್ದಿಲ್ಲ. ಗ್ಲಿಷಾನನ್ನೂ, ಅಂದರೆ ನನ್ನನ್ನೂ, ಗೆಲ್ಲಲಾರದವರು ಎಂದರೆ ನಮ್ಮ ಸಲಾಶೆವೊ ಊರಲ್ಲಿ ಬೇರೆ ವಿವರಣೆ ಬೇಕಿಲ್ಲ.

ನೇನಿ ಹಂಗೇರಿಯನ್ನರ ಬೀದಿಯಲ್ಲಿ ಹುಟ್ಟಿದವರು. ನೇನಿ ಎಂದರೆ ಅವರ ಭಾಷೆಯಲ್ಲಿ ಅತ್ತೆ, ಚಿಕ್ಕಮ್ಮ, ಏನು ಬೇಕಾದರೂ ಅಂದುಕೊಳ್ಳಿ. ಊರಿನ ಟಾಕೀಸಿನಲ್ಲಿ ಟಿಕೆಟ್ ಹರಿದು, ಟಾರ್ಚ್ ಹಿಡಿದು ಜನರನ್ನು ಕೂರಿಸುವುದು ಅವರ ಕೆಲಸವಾಗಿತ್ತು. ಗಂಡ ವೆಲ್ಕೊ ನಮ್ಮ ಸರ್ಬಿಯನ್ನರವರು, ರೈಲ್ವೆ ಸಿಗ್ನಲ್ಲಿನವರು. ಚಾಂಪಿಯನ್‌ಷಿಪ್ ಹುಟ್ಟಿದ್ದು ಅವರ ಕೈಯಲ್ಲಿ. ಒಂದು ಚಳಿಗಾಲ ಹಿಮ ಬಿದ್ದು ರೈಲು ನಮ್ಮ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಂಡಿತು. ಹತ್ತೂರಿನ ಪ್ರಯಾಣಿಕರು ಕಾಯುವ ಕೋಣೆಯಲ್ಲಿ ಒಲೆ ಸುತ್ತ ಕೂತು ಒಬ್ಬರನ್ನೊಬ್ಬರು ಬೈಯುತ್ತಿದ್ದಾಗ, ಆಗಿನ್ನೂ ಮೀಸೆ ಮೂಡುತ್ತಿದ್ದ ವೆಲ್ಕೊ ಚದುರಂಗದ ಹಲಗೆ ತಂದಿಟ್ಟರಂತೆ. ಹಳಿ ಬಿಡಿಸುವ ಹೊತ್ತಿಗೆ ಯಾರಿಗೂ ಹೊರಡಲು ಮನಸ್ಸಿಲ್ಲ. ಮುಂದಿನ ವರ್ಷ ಅವರೆಲ್ಲ ಹಿಮವಿಲ್ಲದೆಯೇ ಬಂದರು. ಆವತ್ತಿನಿಂದ ಒಂದು ವರ್ಷವೂ ತಪ್ಪಿಲ್ಲ.

ನೇನಿ ಇದಕ್ಕೆ ಸೇರಿದ್ದು ಜಗಳದಿಂದ. ಟಾಕೀಸಿನ ಕತ್ತಲಲ್ಲಿ ವೆಲ್ಕೊ ಪಕ್ಕದವನ ಜೊತೆ ಕಿಸೆಯಲ್ಲಿಟ್ಟುಕೊಳ್ಳುವ ಪುಟ್ಟ ಹಲಗೆಯಲ್ಲಿ ಆಡುತ್ತಿದ್ದರಂತೆ. ನೇನಿ ಮುಖಕ್ಕೇ ಟಾರ್ಚ್ ಬಿಟ್ಟು, "ಪರದೆ ಆ ಕಡೆ ಇದೆ ಸ್ವಾಮಿ!" ಎಂದರು. ವೆಲ್ಕೊ ತಲೆ ಎತ್ತಲಿಲ್ಲ. "ದೀಪ ಸ್ವಲ್ಪ ಎಡಕ್ಕೆ ಹಿಡಿ ತಾಯಿ, ಆನೆ ಕಾಣ್ತಿಲ್ಲ" ಎಂದರು. ಆ ಮಾತಿಗೆ ಮದುವೆ ಆದವರು ಇವರು. ಹುಡುಗಿ ಕಡೆ ಪಾದ್ರಿಯೂ ಹುಡುಗನ ಕಡೆ ಪಾದ್ರಿಯೂ ಮುಖ ಸಿಂಡರಿಸಿದರು. ವೆಲ್ಕೊ, ನೇನಿ ಇಬ್ಬರೂ ಯಾರಿಗೂ ಸೊಪ್ಪು ಹಾಕಲಿಲ್ಲ.

ಮುಂದೆ ಏನೆಲ್ಲ ಬಂತು, ಹೋಯಿತು. ತಿಸಾ ನದಿ ಉಕ್ಕಿ ಬೀದಿಗೆ ನುಗ್ಗಿದ ವರ್ಷ ಧಾನ್ಯದ ದೋಣಿಯೊಂದನ್ನು ದಂಡೆಗೆ ಕಟ್ಟಿ, ಅದರ ಹೊಟ್ಟೆಯೊಳಗೆ ಮೇಜು ಹಾಕಿ ಆಡಿಸಿದರು. ಅಲೆ ಬಂದಾಗ ಕಾಯಿ ಜಾರಿದರೆ ಅದೇ ನಡೆ ಎಂದು ನೆಲ್ಯಾ ಎಂಬ ಗಿರಣಿಯವನೊಬ್ಬ ವಾದ ಹೂಡಿದ್ದ. ಕರೆಂಟಿಲ್ಲದ ಆ ಕೆಟ್ಟ ವರ್ಷಗಳಲ್ಲಿ ನೇನಿ ಟಾಕೀಸಿನ ಟಾರ್ಚ್ ಹಿಡಿದು ಮೇಜಿನಿಂದ ಮೇಜಿಗೆ ನಡೆದರು. ನಡೆ ಬಂದವನಿಗೆ ಮಾತ್ರ ಬೆಳಕು, ಉಳಿದವರು ಕತ್ತಲಲ್ಲೇ ಯೋಚಿಸಬೇಕು. ಬೆಳಿಗ್ಗೆಯ ದುಡ್ಡು ಸಂಜೆಗೆ ಕಾಗದವಾಗುತ್ತಿದ್ದ ಆ ಕಾಲದಲ್ಲೇ ಬಹುಮಾನವಾಗಿ ಜೀವಂತ ಹೆಬ್ಬಾತು ಕೊಡುವುದು ಶುರುವಾಯಿತು. "ದಿನಾರಿನ ಬೆಲೆ ಇಳೀಬಹುದು, ಹೆಬ್ಬಾತಿನ ತೂಕ ಇಳಿಯಲ್ಲ" ಎಂದಿದ್ದರು ವೆಲ್ಕೊ. ಈಗಲೂ ಗೆದ್ದವರಿಗೆ ಹೆಬ್ಬಾತೇ.

ಗಂಡ ಹೆಂಡತಿ ಕೆಲಸ ಹಂಚಿಕೊಂಡಿದ್ದರು. ಜನರನ್ನು ಸೇರಿಸುವುದು, ಕೂರಿಸುವುದು, ಗದರುವುದು, ಚಹಾ ಕಾಯಿಸುವುದು ನೇನಿಯದು. ದಿನ ಗೊತ್ತು ಮಾಡುವುದು ವೆಲ್ಕೊ ಅವರದು. ಅದು ಸಣ್ಣ ಕೆಲಸವಲ್ಲ. ನಮ್ಮ ಊರಿನಲ್ಲಿ ಕ್ರಿಸ್‌ಮಸ್ ಎರಡು ಸಲ, ಈಸ್ಟರ್ ಎರಡು ಸಲ. ಹಂಗೇರಿಯನ್ನರ ಚರ್ಚಿನದು ಹೊಸ ಕ್ಯಾಲೆಂಡರ್, ನಮ್ಮ ಸರ್ಬಿಯನ್ನರ ಚರ್ಚಿನದು ಹಳೆಯದು. ಅವರ ಸಂತರು ಮೊದಲು ಬಂದು ಹೋದರೆ ನಮ್ಮ ಸಂತರು ಎರಡು ವಾರ ಬಿಟ್ಟು ನಿಧಾನಕ್ಕೆ ಬರುತ್ತಾರೆ. ಇದರ ಮೇಲೆ ನಮ್ಮಲ್ಲಿ ಮನೆಮನೆಗೂ ಒಬ್ಬ ಮನೆದೇವರಿದ್ದ ಹಾಗೆ ಒಬ್ಬ ಸಂತ. ಆತನ ದಿನ ಆ ಮನೆಯಲ್ಲಿ ಸ್ಲಾವಾ ಹಬ್ಬ. ವೆಲ್ಕೊ ಎಲ್ಲರ ಸಂತರನ್ನೂ ಸಿಗ್ನಲ್ ಹಿಡಿದು ನಿಲ್ಲಿಸಿ, ನಡುವೆ ಖಾಲಿ ಶನಿವಾರಗಳನ್ನು ಹುಡುಕಿ ಕೊಡುತ್ತಿದ್ದರು.

ನಾನು ಹೇಳಹೊರಟ ಆ ವರ್ಷ ವಸಂತದಲ್ಲಿ ವೆಲ್ಕೊ ತೀರಿಕೊಂಡರು.

ನೇನಿ ಅತ್ತಿದ್ದನ್ನು ನಾವು ಕಾಣಲಿಲ್ಲ, ನಕ್ಕಿದ್ದನ್ನೂ ಕಾಣಲಿಲ್ಲ. ಎರಡನೆಯದೇ ಊರಿಗೆ ಹೆಚ್ಚು ನೋವು ತಂದಿತ್ತು, ಯಾಕೆಂದರೆ ನೇನಿಯ ನಗು ಟಾಕೀಸಿನ ಕಾಲದಿಂದಲೂ ಬೀದಿಯ ಆ ತುದಿಗೆ ಕೇಳುವಂಥದ್ದು. ಅವರಿಗೆ ಇದ್ದದ್ದು ಒಂದೇ ಹಟ: ವೆಲ್ಕೊ ಇಲ್ಲದ ಮೊದಲ ವರ್ಷವೇ ಚಾಂಪಿಯನ್‌ಷಿಪ್ ನಿಂತುಹೋಗಬಾರದು. ನಿಲ್ಲಿಸಲು ಕಾದವರೂ ಇದ್ದರು. ಜಿಲ್ಲಾ ಸಂಘದ ಕಾರ್ಯದರ್ಶಿ ಪ್ರೊದಾನೊವ್ ಎಂಬಾತ ನಮ್ಮ ಪಂದ್ಯವನ್ನು ಪಟ್ಟಣದ ಪಂದ್ಯದೊಳಗೆ ಸೇರಿಸಿ ನುಂಗಿಬಿಡಬೇಕೆಂದು ಎಷ್ಟೋ ವರ್ಷದಿಂದ ಬಾಯಿ ಚಪ್ಪರಿಸುತ್ತಿದ್ದ. "ಅಮ್ಮಾ, ವಯಸ್ಸಾಯ್ತು, ಸುಮ್ನೆ ಯಾಕೆ ತೊಂದ್ರೆ ತಗೋತೀರಿ? ಒಂದು ಆಟ ಹೆಚ್ಚುಕಮ್ಮಿ ಆದ್ರೂ ಸಾಕು, ನಿಮ್ಮ ಪಂದ್ಯಾನ ಈ ವರ್ಷಕ್ಕೇ ಮುಗಿಸಿಬಿಡೋಣ" ಎಂದು ಫೋನಿನಲ್ಲಿ ಬೆಣ್ಣೆ ಹಚ್ಚುತ್ತಿದ್ದ.

ಹಾಗೆಂದು ವಿಘ್ನ ಬರದೆ ಇದ್ದೀತೇ? ನಾವು ಆಡುವುದು ಫೈರ್ ಸ್ಟೇಷನ್ನಿನ ಹಾಲಿನಲ್ಲಿ. ಶರತ್ಕಾಲದಲ್ಲಿ ಅದರ ಹೊಗೆಗೂಡಿಗೆ ಬೆಂಕಿ ಬಿತ್ತು. ಹೌದು, ಬೆಂಕಿ ಆರಿಸುವವರ ಮನೆಗೇ! ರಿಪೇರಿ ಮುಗಿದು ಆಟ ಶುರುವಾಗುವಾಗ ಕೆಲವು ವಾರ ತಡ. ನವೆಂಬರಿನಲ್ಲೇ ಮುಗಿಯಬೇಕಾದದ್ದು ಡಿಸೆಂಬರಿಗೆ ಜಾರಿತು. ಮೊದಲ ಸುತ್ತಿನ ದಿನ ನೇನಿ ಎದ್ದು ನಿಂತು, "ಒಂಬತ್ತು ಶನಿವಾರ ಆಡ್ತೀರಿ. ನಿಕೊಲಾ ದಿನದ ಲೆಕ್ಕ ನಾನೇ ನೋಡಿದೀನಿ, ಅಡ್ಡ ಬರಲ್ಲ, ಹೆದರಬೇಡಿ" ಎಂದರು. ನಾವೆಲ್ಲ ತಲೆಯಾಡಿಸಿ, ಚಹಾ ಕುಡಿದು, ಆಡಲು ಕೂತೆವು. ಸಂತ ನಿಕೊಲಾ ನಮ್ಮಲ್ಲಿ ಅರ್ಧ ಜನರ ಮನೆಸಂತ. ಉಳಿದರ್ಧ ಜನ ಆವತ್ತು ಅವರ ಮನೆಗಳಲ್ಲಿ ಉಣ್ಣುತ್ತಾರೆ. ಆ ದಿನ ಬಿಟ್ಟಿದ್ದಾರೆ ಎಂದಮೇಲೆ ಇನ್ನೇನು? ನಿಕೊಲಾ ಸ್ಲಾವಾ ಡಿಸೆಂಬರ್ ಹತ್ತೊಂಬತ್ತಕ್ಕೆ ಎಂದು ನಮಗೆ ಗೊತ್ತು. ಕೊನೆಯ ಸುತ್ತು ಒಂಬತ್ತನೆಯ ಶನಿವಾರ ಎಂದೂ ಗೊತ್ತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾವಾಗಲೂ ವೆಲ್ಕೊ ಅವರದಾಗಿತ್ತು, ಹಾಗಾಗಿ ಯಾರೂ ನೋಡಲಿಲ್ಲ.

ಕೊನೆಯ ಸುತ್ತಿಗೆ ಎರಡು ದಿನ ಮುಂಚೆ ಸ್ತೆವಿತ್ಸಾ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದ. ತಿಸಾದಲ್ಲಿ ಮೀನು ಹಿಡಿಯುವ ಆಳು, ಎತ್ತಿನಂಥ ಕುತ್ತಿಗೆ. ಆರು ಸಲ ಎರಡನೆಯ ಸ್ಥಾನಕ್ಕೆ ಬಂದು ಆರು ಸಲವೂ ಹೆಬ್ಬಾತು ಬೇರೆಯವರ ಮನೆಗೆ ಹೋದದ್ದನ್ನು ನೋಡಿದವನು. ಈ ಸಲ ಅವನೇ ಮುಂದಿದ್ದ. ಕೊನೆಯ ಆಟ ಡ್ರಾ ಆದರೂ ಸಾಕು, ಚಾಂಪಿಯನ್. ಒಂದು ಕೆನ್ನೆ ಬೋಳಿಸಿ ಮುಗಿದಿತ್ತು.

"ಗೆಂಡೆ ಮೀನು ಈ ಸಲ ಹೆಂಗೆ ಸಿಕ್ಕಿವೆ ಗೊತ್ತಾ ಗ್ಲಿಷಾ? ಒಂದೊಂದು ಹಂದಿಮರಿ ಇದ್ದಂಗಿವೆ. ಶನಿವಾರಕ್ಕೆ ಇಟ್ಟಿದೀನಿ. ಮನೆ ಗೊತ್ತಲ್ಲ ನಿಂಗೆ."

ಸ್ಲಾವಾಕ್ಕೆ ಯಾರನ್ನೂ 'ಬಾ' ಎಂದು ಕರೆಯುವುದಿಲ್ಲ. ಬರುವವರು ತಾವಾಗಿ ಬರಬೇಕು, ಬಂದವರನ್ನು ಕಳಿಸುವಂತಿಲ್ಲ. 'ಮನೆ ಗೊತ್ತಲ್ಲ' ಎನ್ನುವುದೇ ನಮ್ಮಲ್ಲಿ ಹೆಚ್ಚು. ನನ್ನ ಕತ್ತಿ ಅವನ ಗಂಟಲ ಹತ್ತಿರ ನಿಂತಿತು.

"ಶನಿವಾರ ಏನು?" ಎಂದೆ.

"ಏನು ಅಂದ್ರೆ? ನಿಕೊಲಾ ಕಣೋ. ತಲೆ ಕೆಟ್ಟಿದೆಯಾ?"

"ಶನಿವಾರ ಕೊನೇ ಸುತ್ತು ಕಣೋ!"

ಕನ್ನಡಿಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಬೇಕರಿಯ ನೆದೆಲ್ಕೊ, ಅವನ ಮನೆಸಂತನೂ ನಿಕೊಲಾನೇ, "ಅಯ್ಯೋ ದೇವರೇ, ನಂದೂ ಆಟ ಇದೆ!" ಎಂದು ಎದ್ದು ನಿಂತ. ಬೆರಳು ಮಡಚಿ ಎಣಿಸಿದೆವು. ಇಪ್ಪತ್ತು ಆಟಗಾರರಲ್ಲಿ ಒಂಬತ್ತು ಮಂದಿ ಆವತ್ತು ಮನೆ ಬಿಟ್ಟು ಕದಲುವಂತಿಲ್ಲ.

ಅರ್ಧ ಬೋಳಿಸಿದ ಮುಖದಲ್ಲೇ ಸ್ತೆವಿತ್ಸಾನನ್ನು ಎಳೆದುಕೊಂಡು ನೇನಿಯ ಮನೆಗೆ ಓಡಿದೆ. ಅವರು ಗಸಗಸೆ ಅರೆಯುತ್ತಿದ್ದರು. ವಿಷಯ ಕೇಳಿ ಕೈ ನಿಂತಿತು.

"ನಿಕೊಲಾ ಆರನೇ ತಾರೀಕು ಮುಗೀತಲ್ಲ. ಭಾನುವಾರ ಬಂದಿತ್ತು. ಅದನ್ನೇ ನೋಡಿ ನಾನು..."

"ಅದು ನಿಮ್ಮ ನಿಕೊಲಾ ನೇನಿ" ಎಂದೆ. "ನಮ್ಮೋನು ಇನ್ನೂ ದಾರೀಲಿದಾನೆ."

ನೇನಿ ಕುರ್ಚಿಗೆ ಕುಸಿದರು. ನೂರು ಸಲ ಈ ಬೀದಿಗಳ ಸ್ಲಾವಾದಲ್ಲಿ ಉಂಡ ಹೆಂಗಸು, ಹುಟ್ಟಾ ನೆರೆಯವರು. ಆದರೂ ಲೆಕ್ಕ ಹಾಕುವಾಗ ಕೈ ಹೋದದ್ದು ತವರುಮನೆಯ ಕ್ಯಾಲೆಂಡರಿಗೆ.

"ಅವನಿದ್ದಿದ್ರೆ ಹಿಂಗಾಗ್ತಿರಲಿಲ್ಲ" ಎಂದರು. "ನಿಮ್ಮ ಸಂತರನ್ನೆಲ್ಲ ಅವನು ನೋಡ್ಕೋತಿದ್ದ. ಇಷ್ಟು ವರ್ಷ ಇಬ್ರೂ ಎತ್ತಿ ಆಡಿಸಿದ ಕೂಸು ಗ್ಲಿಷಾ. ಒಬ್ಬಳೇ ಎತ್ತಿದ ಮೊದಲನೇ ವರ್ಷವೇ ಕೈಜಾರಿ ಬೀಳಿಸಿಬಿಟ್ನಲ್ಲೋ."

ಸ್ತೆವಿತ್ಸಾ ಅಲ್ಲಿಂದಲೇ ಪ್ರೊದಾನೊವ್‌ಗೆ ಫೋನ್ ಮಾಡಿ ಒಂದು ದಿನ ಮುಂದೆ ಹಾಕಲು ಕೇಳಿದ. ಆಗಲ್ಲವಂತೆ. ಭಾನುವಾರ ಬೆಳಿಗ್ಗೆ ಪ್ರಾಂತದ ಪಂದ್ಯಕ್ಕೆ ಚೀಟಿ ಎತ್ತುತ್ತಾರಂತೆ. ಶನಿವಾರ ಸಂಜೆಯೊಳಗೆ ಎಲ್ಲ ಹಲಗೆಯ ಆಟವೂ ಮುಗಿದು ಚಾಂಪಿಯನ್ ಹೆಸರು ಕೈಗೆ ಬರಬೇಕಂತೆ. ಇಲ್ಲವಾದರೆ ಈ ವರ್ಷ ಸಲಾಶೆವೊದಲ್ಲಿ ಪಂದ್ಯ ನಡೆದೇ ಇಲ್ಲ ಎಂದು ಬರೆಯುತ್ತಾರಂತೆ. "ಹೆಸರು ಇಸ್ಕೊಳ್ಳೋಕೆ ನಾನೇ ಬರ್ತೀನಿ" ಎಂದನಂತೆ, ದನಿಯಲ್ಲಿ ಜೇನು ಸುರಿಸುತ್ತಾ.

ನಾನು ಬಾಯಿಗೆ ಬಂದಂತೆ ಬೈದೆ. ಆತನ ಅಜ್ಜನವರೆಗೂ ಹೋದೆ. ನೇನಿ ಮಾತ್ರ ಗಸಗಸೆಯ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ಸ್ತೆವಿತ್ಸಾನನ್ನು ದಿಟ್ಟಿಸುತ್ತಿದ್ದರು.

"ಆವತ್ತು ನಿನ್ನ ಮನೆಗೆ ಯಾರು ಬಂದ್ರೂ ಒಳಗೆ ಕರೀಬೇಕಲ್ವಾ?"

"ಶತ್ರು ಬಂದ್ರೂ ಕರೀಬೇಕು ನೇನಿ."

"ಬಂದೋನ ಕಂಕುಳಲ್ಲಿ ಚದುರಂಗದ ಹಲಗೆ ಇದ್ರೆ?"

ಸ್ತೆವಿತ್ಸಾ ಬೋಳಿಸದ ಕೆನ್ನೆ ಕೆರೆದುಕೊಂಡ. ಆಮೇಲೆ ಅವನ ಮುಖ ಅರಳಿದ್ದು ನೋಡಬೇಕಿತ್ತು. "ಹಲಗೇಗೂ ಒಂದು ತಟ್ಟೆ ಇಡ್ಸೋದಪ್ಪಾ!" ಎಂದ.

ಹಾಗೆ ಗೊತ್ತಾಯಿತು. ಸ್ಲಾವಾ ಇಲ್ಲದವರು ಸ್ಲಾವಾ ಇರುವವರ ಮನೆಗೆ ಅತಿಥಿಯಾಗಿ ಹೋಗಿ ಅಲ್ಲೇ ಆಡುವುದು. ಇಬ್ಬರಿಗೂ ಸ್ಲಾವಾ ಇಲ್ಲದ ಜೋಡಿಗಳು ಫೈರ್ ಸ್ಟೇಷನ್ನಿನ ಹಾಲಿನಲ್ಲಿ. ತೀರ್ಪುಗಾರರು ಎಂದರೆ ನೇನಿಯೇ; ಅವರು ಪ್ರತಿ ಹಲಗೆಯನ್ನೂ ಕಣ್ಣಾರೆ ನೋಡಲೇಬೇಕು, ಅದಕ್ಕೆ ಅವರ ಸೈಕಲ್ ಇದೆ. ಗೆದ್ದವರು ಯಾವ ಮನೆಯಲ್ಲಿರುತ್ತಾರೋ ಗೊತ್ತಿಲ್ಲವಾದ್ದರಿಂದ ಹೆಬ್ಬಾತೂ ಸೈಕಲ್ಲಿನ ಬುಟ್ಟಿಯಲ್ಲೇ.

ಶನಿವಾರ ನಾನು ಬೇಕರಿ ನೆದೆಲ್ಕೊನ ಮನೆಗೆ ಹೋದೆ. ಬಾಗಿಲಲ್ಲೇ ಕೆನ್ನೆಗೆ ಮೂರು ಮುತ್ತು, ಒಂದು ಚಮಚ ಸಿಹಿ ಗೋಧಿ, ಒಂದು ಗುಟುಕು ರಾಕಿಯಾ ಎಂಬ ಹಣ್ಣಿನ ಸಾರಾಯಿ. ಮನೆಯ ಯಜಮಾನ ಸ್ಲಾವಾ ದಿನ ಕೂರುವಂತಿಲ್ಲ. ಅತಿಥಿಗಳ ಮುಂದೆ ನಿಂತೇ ಬಡಿಸಬೇಕು. ನೆದೆಲ್ಕೊ ನಿಂತೇ ಆಡಿದ. ಬಗ್ಗಿ ಒಂದು ನಡೆ, ನೆಟ್ಟಗಾಗಿ ಒಂದು ತಟ್ಟೆ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ದಿನಗಳಾದ್ದರಿಂದ ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಮೀನು ಮಾತ್ರ ನಡೆಯುತ್ತದೆ. ಹೀಗೆ ಉಪವಾಸ ಮಾಡಿ ನಾನು ಎದ್ದೇಳಲಾರದಷ್ಟು ತಿಂದೆ. ಒಲೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಎರಡನೇ ತಟ್ಟೆಯ ಹೊತ್ತಿಗೆ ನನ್ನ ಮಂತ್ರಿ ಹೋಗಿತ್ತು, ಆಕ್ರೋಟಿನ ಕಡುಬಿಗೆ ರಾಜನೂ ಹೋದ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿರಲಿಲ್ಲ.

ಆಗಲೇ ನೇನಿ ಬಂದರು. ಅದು ಅವರ ನಾಲ್ಕನೆಯ ಮನೆ. ಪ್ರತಿ ಮನೆಯಲ್ಲೂ ಗೋಧಿ, ಪ್ರತಿ ಮನೆಯಲ್ಲೂ ರಾಕಿಯಾ. ಬೇಡ ಎಂದರೆ ಯಜಮಾನನಿಗೆ ಅವಮಾನ. ಟೋಪಿ ಒಂದು ಕಿವಿಯ ಮೇಲೆ ಜಾರಿತ್ತು.

"ಸೋತ್ಯಾ? ಒಳ್ಳೇದಾಯ್ತು. ಸೈಕಲ್ ಹಿಡ್ಕೋ ಬಾ. ಯಾಕೋ ಇವತ್ತು ರಸ್ತೆ ನೆಟ್ಟಗಿಲ್ಲ" ಎಂದರು.

ಹೆಬ್ಬಾತು ಬುಟ್ಟಿಯಿಂದ ಕತ್ತು ಚಾಚಿ ನನ್ನನ್ನು ಕೊಕ್ಕಿನಿಂದ ಕುಟುಕಿತು. ನಾನು ಸೈಕಲ್ ತಳ್ಳುತ್ತಾ ಹೊರಟೆ.

ಪಾಯಾ ಮತ್ತು ರಾಶಾ ಎಂಬ ಭಾವ ಭಾವಮೈದುನರ ಆಟದ ಬಗ್ಗೆ ನಮಗೆ ಹೆಚ್ಚು ಚಿಂತೆ ಇತ್ತು. ಇಬ್ಬರಿಗೂ ನಿಕೊಲಾ, ಇಬ್ಬರೂ ಮನೆ ಬಿಡುವಂತಿಲ್ಲ, ಅದರ ಮೇಲೆ ಆಕ್ರೋಟ್ ಮರವೊಂದರ ಜಗಳದಿಂದ ಮೂರು ವರ್ಷ ಮಾತೇ ಇಲ್ಲ. ಆದರೆ ಮನೆ ಅಕ್ಕಪಕ್ಕ. ಹೋಗಿ ನೋಡಿದರೆ ಬೇಲಿಯ ಎರಡು ಹಲಗೆ ಕಿತ್ತು ನಡುವೆ ಮೇಜು ಇಟ್ಟಿದ್ದಾರೆ. ಎರಡು ಕಾಲು ಪಾಯಾನ ಅಂಗಳದಲ್ಲಿ, ಎರಡು ಕಾಲು ರಾಶಾನದರಲ್ಲಿ. ಇಬ್ಬರೂ ಕುರಿಚರ್ಮದ ಕೋಟು ತೊಟ್ಟು ನಿಂತಿದ್ದಾರೆ, ಇಬ್ಬರ ಹಿಂದೆಯೂ ಅವರವರ ಅತಿಥಿಗಳು. ಪಾಯಾ ಒಂಟೆ ನಡೆಸಿ, ಗಂಟಲು ಸರಿಮಾಡಿಕೊಂಡು, "ಚೆಕ್" ಎಂದ. ಮೂರು ವರ್ಷದ ಮೊದಲ ಮಾತು.

"ಏನಂದೆ?" ಎಂದ ರಾಶಾ.

"ಚೆಕ್ ಅಂದೆ. ಕಿವಿ ಮಂದವೇನೋ?"

"ಮೂರು ವರ್ಷ ನಿನ್ನ ದನಿ ಕೇಳಿರಲಿಲ್ಲ, ಗುರುತು ಸಿಗಲಿಲ್ಲ ಮಾರಾಯ."

ಎರಡೂ ಅಂಗಳ ಘೊಳ್ಳೆಂದಿತು. ಆ ಆಟ ಡ್ರಾ ಆಯಿತು. ಕಿತ್ತ ಆ ಎರಡು ಹಲಗೆ ಇವತ್ತಿಗೂ ಬೇಲಿಗೆ ಹಾಕಿಲ್ಲ.

ಒಂದೊಂದೇ ಹಲಗೆ ಮುಗಿಯುತ್ತಾ ಬಂತು. ಉಳಿದದ್ದು ಸ್ತೆವಿತ್ಸಾನ ಮನೆ. ನಾವು ಅಲ್ಲಿಗೆ ಮುಟ್ಟಿದಾಗ ಕತ್ತಲು ಕವಿಯುತ್ತಿತ್ತು, ಒಳಗೆ ಕಾಲಿಡಲು ಜಾಗವಿಲ್ಲ. ಚಾಂಪಿಯನ್ ಆಟ ಮನೆಯಲ್ಲೇ ನಡೆಯುತ್ತಿದೆ, ಗೆಂಡೆ ಮೀನು ಹಂದಿಮರಿಯಷ್ಟಿದೆ ಎಂದು ಕೇಳಿದ ಮೇಲೆ ಊರಿನಲ್ಲಿ ಯಾವನು ಮನೆಯಲ್ಲಿ ಕೂರುತ್ತಾನೆ? ಮೇಜಿನ ಈ ಕಡೆ ತ್ಯೂಂದೆ ಕೂತಿದ್ದಳು. ನಮ್ಮ ಶಾಲೆಯ ಗಣಿತದ ಮೇಡಂ, ಹಂಗೇರಿಯನ್ನರ ಹುಡುಗಿ, ಸ್ತೆವಿತ್ಸಾನಿಗಿಂತ ಅರ್ಧ ಅಂಕ ಹಿಂದೆ. ಅವಳು ಗೆಲ್ಲಲೇಬೇಕು. ಹೆಂಗಸರು ಈ ಪಂದ್ಯ ಗೆದ್ದದ್ದೇ ಇಲ್ಲ. ಆ ಕಡೆ ಸ್ತೆವಿತ್ಸಾ ನಿಂತಿದ್ದ, ಭುಜದ ಮೇಲೆ ಬಿಳಿ ಟವೆಲು, ಕೈಯಲ್ಲಿ ಬಾಟಲಿ. ಒಂದು ಕಾಲಾಳು ಹೆಚ್ಚು ಅವನದೇ. ಹಲಗೆ ನೋಡಿದರೆ ಹೆಬ್ಬಾತು ಅವನ ಮನೆಯದೇ ಆಗಿತ್ತು.

ಆಟದ ಗಡಿಯಾರದ ಕತೆ ಮಾತ್ರ ಬೇರೆ. ಬಾಗಿಲು ತಟ್ಟಿದಾಗಲೆಲ್ಲ ಸ್ತೆವಿತ್ಸಾ ಹೋಗಿ ಮುತ್ತಿಟ್ಟು, ಗೋಧಿ ಕೊಟ್ಟು, ರಾಕಿಯಾ ಬಗ್ಗಿಸಿ, ಮನೆಮಂದಿಯ ಆರೋಗ್ಯ ವಿಚಾರಿಸಿ ಬರಬೇಕು. ಅಷ್ಟು ಹೊತ್ತೂ ಗಡಿಯಾರದಲ್ಲಿ ಓಡುತ್ತಿದ್ದದ್ದು ಅವನ ಸಮಯ.

ತ್ಯೂಂದೆಗೇ ತಡೆಯಲಾಗಲಿಲ್ಲ. "ಸ್ತೆವಿತ್ಸಾ ಅಣ್ಣ, ನೇನಿ ಬಂದಿದಾರೆ, ಒಪ್ಪಿಗೆ ಕೇಳೋಣ. ಜನ ಬಂದಾಗ ಗಡಿಯಾರ ನಿಲ್ಲಿಸಬಹುದಲ್ಲ? ನಂಗೆ ಹಿಂಗೆ ಗೆಲ್ಲೋದು ಬೇಡ."

"ಬೇಡ ಟೀಚರಮ್ಮ" ಎಂದ ಅವನು. "ಗಡಿಯಾರ ನಿಲ್ಸಿದ್ರೆ ಬಂದೋರಿಗೆ ಏನಂತ ಹೇಳ್ದಂಗಾಯ್ತು? ನೀವು ಬಂದಿದ್ದು ನಂಗೆ ತೊಂದ್ರೆ ಅಂತಾನಾ? ನಮ್ಮಪ್ಪನ ಸ್ಲಾವಾ ಇದು. ಓಡ್ಲಿ ಬಿಡು."

ಅವನ ಹೆಂಡತಿ ಯವೊರ್ಕಾ ಒಲೆಯ ಹತ್ತಿರದಿಂದ, "ಓಡ್ಲಿ ಅಂತೆ! ಆರು ಸಲ ಹೆಬ್ಬಾತಿಗೆ ಮಸಾಲೆ ಅರೆದಿಟ್ಟು ಕಾದೋಳು ನಾನು" ಎಂದಳು. ಆದರೆ ಅವಳೂ ಬಾಗಿಲಿಗೆ ಚಿಲಕ ಹಾಕಲಿಲ್ಲ.

ಆನೆಗೆ ಆನೆ ಹೋಯಿತು. ಇನ್ನು ನಾಲ್ಕೈದು ನಡೆ, ಅಷ್ಟೇ. ಗೆಲುವಿಲ್ಲದಿದ್ದರೂ ಡ್ರಾ ಅವನ ಕೈಯಲ್ಲೇ ಇತ್ತು. ಅವನ ಕಡೆಯ ಗಡಿಯಾರದಲ್ಲಿ ಕೆಂಪು ಬಾವುಟ ಆಗಲೇ ಮುಳ್ಳಿನ ಮೇಲೆ ಏರಿ ನಿಂತಿತ್ತು. ಅದು ಬಿದ್ದರೆ ಸಮಯ ಮುಗಿದಂತೆ, ಆಟ ಸೋತಂತೆ. ತ್ಯೂಂದೆ ನಡೆಸಿ ಗುಂಡಿ ಒತ್ತಿದಳು. ಸ್ತೆವಿತ್ಸಾ ರಾಜನ ಕಡೆ ಕೈ ಚಾಚಿದ.

ಬಾಗಿಲು ತಟ್ಟಿತು.

ಅವನ ಕೈ ಅರ್ಧದಲ್ಲೇ ನಿಂತಿತು. ಒಂದು ಕ್ಷಣ ಗಡಿಯಾರ ನೋಡಿದ, ಒಂದು ಕ್ಷಣ ಬಾಗಿಲು ನೋಡಿದ. "ನಡೆಸಿ ಹೋಗೋ ಕತ್ತೆ!" ಎಂದು ನನ್ನ ಬಾಯಿಗೆ ಬಂದಿತ್ತು. ಯಾರೋ ಅತಿಥಿ ಚಳಿಯಲ್ಲಿ ಹೊರಗೆ ನಿಂತಿರುವಾಗ ಯೋಚಿಸುತ್ತಾ ನಿಲ್ಲುವ ಮನುಷ್ಯ ಅವನಲ್ಲ. ಟವೆಲು ಸರಿಮಾಡಿಕೊಂಡು ಹೋಗಿ ಬಾಗಿಲು ತೆರೆದ. ನಿಂತಿದ್ದವನು ಪ್ರೊದಾನೊವ್.

"ಸ್ಲಾವಾ ಶುಭವಾಗಲಿ, ಯಜಮಾನ್ರೇ" ಎಂದ ಕಾರ್ಯದರ್ಶಿ, ಒಳಗಿನ ಜನ ಕಂಡು ತಡವರಿಸುತ್ತಾ. "ನಾನು... ಆ ಹೆಸರು..."

"ಹೆಸರು ಎಲ್ಲಿಗೂ ಓಡಲ್ಲ. ಮೊದ್ಲು ಒಳಗೆ ಬನ್ನಿ" ಎಂದು ಸ್ತೆವಿತ್ಸಾ ಮೂರು ಮುತ್ತು ಕೊಟ್ಟ. ಒಂದನ್ನೂ ಕಡಿಮೆ ಮಾಡಲಿಲ್ಲ. ಗೋಧಿಯ ಬಟ್ಟಲು ಹಿಡಿದ. ಆತ ಶಿಲುಬೆಯ ಗುರುತು ಹಾಕಿಕೊಂಡು ತಿನ್ನುವವರೆಗೆ ನಿಂತ.

ಯವೊರ್ಕಾ ಮರ್ಯಾದೆಗೆ ಕೇಳಿದಳು: "ನಿಮ್ಮ ಮನೆಸಂತ ಯಾರು ಸ್ವಾಮಿ?"

ಪ್ರೊದಾನೊವ್ ನೆಲ ನೋಡಿದ. "ನಿಕೊಲಾನೇ" ಎಂದ.

ತನ್ನ ಸ್ಲಾವಾ ದಿನ ಮನೆ ಬಿಟ್ಟು ಬಂದವನನ್ನು ನಾವು ಯಾರೂ ಅದುವರೆಗೆ ಕಂಡಿರಲಿಲ್ಲ.

"ಹಂಗಾದ್ರೆ ನಿಮ್ಮನೇಲಿ ಬಂದೋರ ಮುಂದೆ ಯಾರು ನಿಂತಿದಾರೆ?"

"ನಮ್ಮ ಮಾವ."

"ಹೆಣ್ಣು ಕೊಟ್ಟ ಮಾವನಾ? ಅಯ್ಯೋ ಪಾಪ!" ಎಂದಳು ಯವೊರ್ಕಾ. ಆತನ ಕಿವಿ ಹೆಬ್ಬಾತಿನ ಕೊಕ್ಕಿನ ಬಣ್ಣಕ್ಕೆ ತಿರುಗಿತು. ಅವಳಿಗೇ ಕನಿಕರ ಬಂದು ದೊಡ್ಡ ತುಂಡು ಮೀನು ಬಡಿಸಿದಳು.

ಸ್ತೆವಿತ್ಸಾ ರಾಕಿಯಾ ಬಗ್ಗಿಸುತ್ತಿದ್ದ. ಲೋಟ ಅಂಚಿನವರೆಗೆ ತುಂಬುವಾಗ ಟಪ್ಪೆಂದು ಸಣ್ಣ ಸದ್ದು ಕೇಳಿತು. ಅವನು ತಿರುಗಿ ನೋಡಲಿಲ್ಲ, ಒಂದು ಹನಿ ಚೆಲ್ಲಲೂ ಇಲ್ಲ.

ಎಲ್ಲರೂ ನೇನಿಯನ್ನು ನೋಡಿದರು. ನೇನಿ ಟೋಪಿ ಸರಿಮಾಡಿಕೊಂಡು, ಕಿಸೆಯಿಂದ ಆ ಹಳೆಯ ಟಾರ್ಚ್ ತೆಗೆದು ಗಡಿಯಾರದ ಮೇಲೆ ಬೆಳಕು ಬಿಟ್ಟರು. ದನಿ ಟಾಕೀಸಿನದೇ. "ಬಾವುಟ ಬಿತ್ತು. ಸ್ತೆವಿತ್ಸಾನ ಸಮಯ ಮುಗೀತು. ಆಟ ತ್ಯೂಂದೆದು. ಚಾಂಪಿಯನ್ನೂ ಅವಳೇ."

ತ್ಯೂಂದೆ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಮೊದಲು ನಕ್ಕವನು ಸ್ತೆವಿತ್ಸಾ. ಬಾಟಲಿ ಕೆಳಗಿಟ್ಟು ಅವಳ ತಲೆಯ ಮೇಲೆ ಕೈಯಿಟ್ಟ.

"ಅಳ್ತಾರೇನಮ್ಮ? ಸ್ಲಾವಾಕ್ಕೆ ಬಂದೋರು ನಮ್ಮನೆಯಿಂದ ಬರಿಗೈಲಿ ಹೋಗಲ್ಲ. ಕೆಲವರು ಕಡುಬು ತಗೊಂಡು ಹೋಗ್ತಾರೆ, ನೀನು ಹೆಬ್ಬಾತು ತಗೊಂಡು ಹೋಗು. ಮುಂದಿನ ವರ್ಷ ನಾನೇ ಇಸ್ಕೋತೀನಿ."

ಪ್ರೊದಾನೊವ್ ಲೋಟ ಹಿಡಿದು ಪಿಳಿಪಿಳಿ ನೋಡುತ್ತಿದ್ದ. "ಹಾಗಾದ್ರೆ... ಎಲ್ಲ ಹಲಗೆಯೂ ಮುಗೀತಾ?"

"ಮುಗೀತು ಸ್ವಾಮಿ" ಎಂದೆ ನಾನು. "ಕೊನೇದನ್ನ ನೀವೇ ಕೈಯಾರೆ ಮುಗಿಸಿಕೊಟ್ರಿ."

ಉಂಡ ಮನೆಗೆ ಎರಡು ಬಗೆಯುವಷ್ಟು ಕೆಟ್ಟವನಲ್ಲ ಆತ. ತ್ಯೂಂದೆಯ ಹೆಸರು ಬರೆದುಕೊಂಡ, ಲೋಟ ಖಾಲಿ ಮಾಡಿದ, ನೇನಿಯ ಕೈಗೆ ಮುತ್ತಿಟ್ಟ. ಯವೊರ್ಕಾ ಅವನ ಮಾವನಿಗೆಂದು ಕಟ್ಟಿಕೊಟ್ಟ ಮೀನಿನೊಂದಿಗೆ ಕಾರಿಗೆ ಓಡಿದ. ಪಟ್ಟಣದ ಪಂದ್ಯಕ್ಕೆ ನಮ್ಮನ್ನು ಸೇರಿಸುವ ಮಾತು ಆವತ್ತಿನಿಂದ ಅವನ ಬಾಯಲ್ಲಿ ಬಂದಿಲ್ಲ.

ಸ್ಲಾವಾದ ಮೇಣದಬತ್ತಿ ಕೆಳಗೆ ಬಂದಿತ್ತು. ಅದನ್ನು ಊದಿ ಆರಿಸುವಂತಿಲ್ಲ, ಯಜಮಾನ ಕೆಂಪು ವೈನಿನ ಹನಿಯಿಂದ ಆರಿಸಬೇಕು. ಆಗ ಮನೆಯಲ್ಲಿ ತೀರಿಹೋದವರ ಹೆಸರು ಹೇಳುವುದು ಆ ಮನೆಯ ಪದ್ಧತಿ. ನಾವೆಲ್ಲ ಎದ್ದು ನಿಂತೆವು. ಸ್ತೆವಿತ್ಸಾ ತನ್ನ ಅಪ್ಪನ ಹೆಸರು ಹೇಳಿದ, ಅಮ್ಮನ ಹೆಸರು ಹೇಳಿದ, ನದಿಯಲ್ಲಿ ಹೋದ ಅಣ್ಣನ ಹೆಸರು ಹೇಳಿದ. ಮುಗಿಯಿತು ಎಂದುಕೊಂಡಾಗ ಲೋಟವನ್ನು ಇನ್ನೊಮ್ಮೆ ಬಗ್ಗಿಸಿದ.

"ನಮ್ಮ ವೆಲ್ಕೊಗೂ" ಎಂದ. "ಅವನು ದಿನ ಗೊತ್ತು ಮಾಡಿದ್ದಿದ್ರೆ ಇವತ್ತು ಈ ಮನೇಲಿ ಇಷ್ಟು ಜನ ಎಲ್ಲಿರ್ತಿದ್ರು?"

ಬತ್ತಿ ಚುಂಯ್ ಎಂದು ಆರಿತು. ಯಾರಿಗೂ ನೇನಿಯ ಕಡೆ ನೋಡುವ ಧೈರ್ಯವಿಲ್ಲ.

ಆಗ ಕೇಳಿಸಿತು. ಮೊದಲು ಕೆಮ್ಮಿನ ಹಾಗೆ, ಆಮೇಲೆ ತಡೆಯಿಲ್ಲದೆ, ಬೀದಿಯ ಆ ತುದಿಗೆ ಮುಟ್ಟುವ ಹಾಗೆ. ನೇನಿ ನಗುತ್ತಿದ್ದರು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು, ನಗು ಮಾತ್ರ ನಿಲ್ಲಲಿಲ್ಲ.

"ಅವನಿದ್ದಿದ್ರೆ!" ಎಂದರು, ಸ್ತೆವಿತ್ಸಾನ ತೋಳು ಹಿಡಿದುಕೊಂಡು. "ಅವನಿದ್ದಿದ್ರೆ ಇವತ್ತು ನಾವು ಹಾಲಲ್ಲಿ ಗಟ್ಟಿ ಬೆಂಚಿನ ಮೇಲೆ ಕೂತು ತಣ್ಣಗಿನ ಚಹಾ ಕುಡೀತಿದ್ವಿ ಕಣೋ! ಇಷ್ಟು ವರ್ಷ ಎಂಥಾ ಚೆನ್ನಾಗಿರೋ ದಿನ ತಪ್ಪಿಸ್ತಿದ್ದ ನೋಡು ಆ ಮನುಷ್ಯ!"

ಅವರನ್ನು ಮನೆಗೆ ಬಿಡಲು ನಾನೇ ಸೈಕಲ್ ತಳ್ಳಿಕೊಂಡು ಹೊರಟೆ. ಬುಟ್ಟಿ ಖಾಲಿಯಾಗಿತ್ತು. ಹಿಮ ಉದುರಲು ಶುರುವಾಗಿತ್ತು. ನಿಲ್ದಾಣದ ಮುಂದೆ ನೇನಿ ನಿಂತು, ಕಾಯುವ ಕೋಣೆಯ ಕಿಟಕಿಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಹಳೆಯ ಒಲೆ, ಬೆಂಚು.

"ಗ್ಲಿಷಾ, ಮುಂದಿನ ವರ್ಷ ಕೊನೇ ಸುತ್ತು ಯಾವತ್ತಿಡೋಣ?"

"ನೀವೇ ಹೇಳಿ ನೇನಿ."

"ನಿಕೊಲಾ ದಿನ" ಎಂದರು. "ಹತ್ತೊಂಬತ್ತಕ್ಕೆ ಬರ್ತಾನಲ್ಲ, ನಮ್ಮ ನಿಕೊಲಾ. ಅವತ್ತೇ."